ಹೆಸರಿಗೆ ತರಬೇತಿ, ಕಲಿಸುವವರು ಯಾರೂ ಇಲ್ಲ!



ಮೊದಲು ಒಂದು ಕಾನೂನಿನ ಹೆಸರು ಓದಿ. ‘ಕರ್ನಾಟಕ ವೈದ್ಯಕೀಯ ಕೋರ್ಸುಗಳನ್ನು ಪೂರ್ಣಗೊಳಿಸಿದ ಅಭ್ಯರ್ಥಿಗಳ ಕಡ್ಡಾಯ ಸೇವಾ ತರಬೇತಿ ಅಧಿನಿಯಮ’. ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ. 2012ರ ಕಾನೂನು, ಜಾರಿಗೆ ಬಂದದ್ದು 2015ರಲ್ಲಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಹಳ್ಳಿಗಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕು ಎಂಬುದು ಅದರ ತಿರುಳು. ಡಾಕ್ಟರು ಹುಡುಗರು ಇದರ ವಿರುದ್ಧ ಹೈಕೋರ್ಟಿಗೆ ಹೋದರು. 2019ರಲ್ಲಿ ಹೈಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಖಾಲಿ ಇರುವ ಹುದ್ದೆಗಳಿಗೆ ಬೇಕಾದಷ್ಟು ಜನರನ್ನು ಮಾತ್ರ ಕರೆಯುವ ತಿದ್ದುಪಡಿ ಆಮೇಲೆ ಬಂತು.

ಇರಲಿ. ಹೆಸರಿನ ಮಧ್ಯೆ ಸಿಕ್ಕಿಕೊಂಡಿರುವ ಒಂದು ಪದ ನೋಡಿ: ತರಬೇತಿ. ಬರೀ ಸೇವೆ ಅಂದಿಲ್ಲ, ‘ಸೇವಾ ತರಬೇತಿ’ ಅಂದಿದ್ದಾರೆ. ತರಬೇತಿ ಅಂದಮೇಲೆ ಕಲಿಯುವವನು ಒಬ್ಬ ಇರಬೇಕು, ಕಲಿಸುವವನು ಒಬ್ಬ ಇರಬೇಕು. ಕಲಿಯುವವನು ಸಿಕ್ಕಿದ್ದಾನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂಟಿಯಾಗಿ ಕೂತಿದ್ದಾನೆ. ಕಲಿಸುವವನು ಎಲ್ಲಿದ್ದಾನೆ? ಅದನ್ನು ಕೇಳುವುದಕ್ಕೇ ಈ ಲೇಖನ.

ನಾನು ಊರ ಕಡೆ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಕೇಂದ್ರದ ಹೆಸರು ಬೇಡ, ಪಾಪ, ಅಲ್ಲಿರುವವರು ಬಡ ನೌಕರರು. ಒಬ್ಬ ತಾಯಿ ನಾಲ್ಕು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ‘ಮೈತುಂಬ ಗೊಬ್ಬರ ಎದ್ದಾವ್ರೀ ಡಾಕ್ಟ್ರೇ, ಮೂರು ದಿನದಿಂದ ಜ್ವರ ಬಿಟ್ಟಿಲ್ಲ’ ಅಂದಳು. ಡಾಕ್ಟರು ಹೊರರಾಜ್ಯದ ಹುಡುಗ, ಮೀಸೆ ಚಿಗುರುವ ವಯಸ್ಸು. ಅಟೆಂಡರನ ಮುಖ ನೋಡಿ, ‘ಗೊಬ್ಬರ ಮೀನ್ಸ್?’ ಅಂದ. ಅಟೆಂಡರನಿಗೆ ಗೊತ್ತಿರುವ ಇಂಗ್ಲಿಷಿನಲ್ಲಿ ಗೊಬ್ಬರ ಅಂದರೆ ಒಂದೇ: ‘ಫರ್ಟಿಲೈಸರ್ ಸಾರ್’. ಡಾಕ್ಟರು ಗಾಬರಿಯಾಗಿ ಮಗುವಿನ ಅಂಗೈ ಮೂಸಿ ನೋಡಿದ, ಬಾಯಿ ತೆರೆಸಿ ನೋಡಿದ. ಮಗು ಯೂರಿಯಾ ತಿಂದಿದೆಯೇ ಅಂತ ಅವನ ಅನುಮಾನ! ಸಾಲಿನಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗಿನಿಂದ ಬಂದ ಸಿಸ್ಟರಮ್ಮ ಮಗುವಿನ ಅಂಗಿ ಎತ್ತಿ ನೋಡಿ, ‘ದಡಾರ ಸಾರ್, ಮೀಸಲ್ಸ್. ನಮ್ ಕಡೆ ಗೊಬ್ಬರ ಅಂತಾರೆ’ ಅಂದರು.

ಸಿಸ್ಟರಮ್ಮ ಅವತ್ತು ರಜೆ ಹಾಕಿದ್ದರೆ?

ಈ ಕಥೆ ಹೇಳಿದ್ದು ನೀವು ಆ ಹುಡುಗನನ್ನು ಹೀಯಾಳಿಸಲಿ ಅಂತಲ್ಲ. ಬೆಂಗಳೂರಿನ ಗೆಳೆಯರಿಗೆ ಇಂಥ ಕಥೆ ಸಿಕ್ಕಿದರೆ ಸಾಕು, ‘ಹೊರಗಿನವರನ್ನು ಓಡಿಸಿ’ ಅನ್ನುವ ಬೋರ್ಡು ಬರೆಯಲು ಕೂರುತ್ತಾರೆ. ಸ್ವಲ್ಪ ತಾಳಿ. ಆ ಹುಡುಗ ಓಡಿಹೋಗಿರಲಿಲ್ಲ, ಕೆಲಸದಲ್ಲಿದ್ದ. ಜಯನಗರದಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ ಡಾಕ್ಟರಾದ ನಮ್ಮದೇ ಹುಡುಗನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೂ ‘ಗೊಬ್ಬರ’ ಅರ್ಥವಾಗುತ್ತಿರಲಿಲ್ಲ. ಬೇಕಾದರೆ ನಿಮ್ಮ ಪಕ್ಕದ ಮನೆಯ ಮೆಡಿಕಲ್ ವಿದ್ಯಾರ್ಥಿಯನ್ನು ಕೇಳಿ ನೋಡಿ.

ಮಧ್ಯಾಹ್ನ ಹೊರರೋಗಿಗಳ ಸಾಲು ಕರಗಿದ ಮೇಲೆ ಆ ಹುಡುಗನ ಜೊತೆ ಕೂತು ಮಂಡಕ್ಕಿ ಮಿರ್ಚಿ ತಿಂದೆ. ನಿನ್ನ ಈ ತರಬೇತಿ ನಿನಗೆ ತೃಪ್ತಿ ತಂದಿದೆಯಾ ಅಂತ ಕೇಳಿದೆ. ಅವನು ನಕ್ಕುಬಿಟ್ಟ. ‘ಯಾವ ತರಬೇತಿ?’ ಅಂದ. ಇಂಟರ್ನ್ ಆಗಿದ್ದಾಗ ಬೆನ್ನ ಹಿಂದೆ ಒಬ್ಬ ಸೀನಿಯರ್ ಇರುತ್ತಿದ್ದ. ಕೈ ನಡುಗಿದರೆ ಹಿಡಿದುಕೊಳ್ಳುತ್ತಿದ್ದ, ತಪ್ಪಿದರೆ ಬೈಯುತ್ತಿದ್ದ. ಇಲ್ಲಿ ರಾತ್ರಿ ಹನ್ನೆರಡಕ್ಕೆ ಹೆರಿಗೆ ಕೇಸು ಬಂದರೆ ಸಿಸ್ಟರಮ್ಮನ ಅನುಭವ, ತನ್ನ ಮೊಬೈಲು, ಮೇಲೆ ದೇವರು. ಜೊತೆಯಲ್ಲಿ ಓದಿದವರ ವಾಟ್ಸಾಪ್ ಗುಂಪೇ ಅವನ ಪ್ರೊಫೆಸರು. ಇಲ್ಲಿ ಚೆನ್ನಾಗಿ ಕಲಿತದ್ದು ಏನು ಅಂದರೆ ವರದಿ ತುಂಬುವುದು, ಮೀಟಿಂಗಿಗೆ ಹೋಗುವುದು, ‘ಮುಂದಕ್ಕೆ ಒಯ್ಯಿರಿ’ ಅಂತ ಚೀಟಿ ಬರೆಯುವುದು. ಮೇಜಿನ ಮೇಲೆ ಸ್ಟೆತಸ್ಕೋಪಿನ ಪಕ್ಕದಲ್ಲಿ ನೀಟ್ ಪಿಜಿ ಪರೀಕ್ಷೆಯ ದಪ್ಪ ಪುಸ್ತಕ ಇತ್ತು. ಅವನ ನಿಜವಾದ ಓದು ಅದು. ಎದುರಿಗಿದ್ದ ರೋಗಿಗಳು ಆ ಓದಿಗೆ ಅಡ್ಡಿ.

ತಪ್ಪು ಯಾರದು? ಅವನಿಗೆ ಹಳ್ಳಿ ಬೇಸರವಾಗಿಲ್ಲ, ಗೆಳೆಯರೇ. ಹಳ್ಳಿಯಲ್ಲಿ ತಾನು ದಡ್ಡನಾಗುತ್ತಿದ್ದೇನೆ ಅನ್ನುವುದು ಅವನ ಬೇಸರ. ಈ ಎರಡರ ನಡುವಿನ ವ್ಯತ್ಯಾಸ ನಮ್ಮ ಆಳುವವರಿಗೆ ಗೊತ್ತಿಲ್ಲ. ‘ಡಾಕ್ಟರುಗಳು ಹಳ್ಳಿಗೆ ಹೋಗಲ್ಲ, ಅವರಿಗೆ ದುಡ್ಡಿನ ಆಸೆ’ ಅಂತ ವೇದಿಕೆಯ ಮೇಲೆ ಬೈದು ಚಪ್ಪಾಳೆ ಗಿಟ್ಟಿಸುತ್ತಾರೆ. ಹೋದವನಿಗೆ ಏನು ಕೊಟ್ಟಿರಿ ಸ್ವಾಮಿ ಅಂತ ಯಾರೂ ಕೇಳುವುದಿಲ್ಲ.

ಈ ಹುಡುಗರು ಅಲ್ಲಿ ಮಾಡುವ ಕೆಲಸಕ್ಕೆ ಒಂದು ಹೆಸರಿದೆ: ಕುಟುಂಬ ವೈದ್ಯ. ಮನೆ ಡಾಕ್ಟ್ರು ಅಂತ ನಮ್ಮ ಅಜ್ಜಂದಿರು ಅನ್ನುತ್ತಿದ್ದರಲ್ಲ, ಅದೇ. ಅಜ್ಜನ ದಮ್ಮು, ಅವ್ವನ ಬೀಪಿ, ಸೊಸೆಯ ಬಸುರು, ಮಗುವಿನ ಭೇದಿ, ಮಗನ ಕುಡಿತ, ಎಲ್ಲವೂ ಒಬ್ಬನ ಬಳಿಗೇ ಬರುತ್ತದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ಹೃದಯದ ಡಾಕ್ಟರಿಗೆ ಹೃದಯ ಗೊತ್ತಿದ್ದರೆ ಸಾಕು. ಇವನಿಗೆ ಎಲ್ಲವೂ ಗೊತ್ತಿರಬೇಕು. ಯಾವುದನ್ನು ಇಲ್ಲೇ ನೋಡಬಹುದು, ಯಾವುದನ್ನು ಈಗಿಂದೀಗಲೇ ಬಳ್ಳಾರಿಗೋ ದಾವಣಗೆರೆಗೋ ಕಳಿಸಬೇಕು ಅನ್ನುವ ವಿವೇಕವೂ ಬೇಕು. ಅದು ಪುಸ್ತಕದಿಂದ ಬರುವುದಿಲ್ಲ. ನುರಿತವರ ಪಕ್ಕದಲ್ಲಿ ಕೂತು, ಅವರು ಕೇಳುವ ಪ್ರಶ್ನೆ ಕೇಳಿಸಿಕೊಂಡು, ತಪ್ಪು ಮಾಡಿ ತಿದ್ದಿಸಿಕೊಂಡು ಬರುವ ವಿದ್ಯೆ ಅದು. ಜಗತ್ತಿನ ಎಷ್ಟೋ ಕಡೆ ಇದನ್ನೇ ಒಂದು ಪ್ರತ್ಯೇಕ ವಿದ್ಯೆಯೆಂದು ವರ್ಷಗಟ್ಟಲೆ ಕಲಿಸುತ್ತಾರೆ. ಬ್ರಿಟನ್ನಿನಲ್ಲಿ ಮನೆ ಡಾಕ್ಟರಾಗಲು ಮೂರು ವರ್ಷದ ಪ್ರತ್ಯೇಕ ತರಬೇತಿ, ಪ್ರತಿಯೊಬ್ಬನಿಗೂ ಒಬ್ಬ ಗುರು. ಅಷ್ಟೇ ಅಲ್ಲ, ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರತಿವರ್ಷ ತರಬೇತಿಯಲ್ಲಿರುವ ಡಾಕ್ಟರುಗಳನ್ನು ಕೇಳುತ್ತದೆ: ನಿಮಗೆ ಕಲಿಸುತ್ತಿದ್ದಾರಾ? ರಾತ್ರಿ ಕರೆದರೆ ಸೀನಿಯರ್ ಸಿಗುತ್ತಾರಾ? ಕೆಲಸದ ಹೊರೆ ಹೇಗಿದೆ? ಉತ್ತರಗಳನ್ನು ಮುಚ್ಚಿಡದೆ ಪ್ರಕಟಿಸುತ್ತದೆ.

ನಮ್ಮಲ್ಲಿ ಸಿನಿಮಾ ನೋಡಿ ಹೊರಗೆ ಬಂದವನನ್ನು ತೃಪ್ತಿಯಾಯಿತಾ ಅಂತ ಮೈಕು ಹಿಡಿದು ಕೇಳುತ್ತಾರೆ. ಕೂಡ್ಲಿಗಿಯ ಹಳ್ಳಿಯಲ್ಲಿ ಒಂದು ವರ್ಷ ಕಳೆದ ಡಾಕ್ಟರನ್ನು ಯಾರು ಕೇಳುತ್ತಾರೆ? ಕಾಗದಪತ್ರ ಕೊಟ್ಟು ಕಳಿಸಿದರೆ ಮುಗಿಯಿತು.

ನಮ್ಮ ದೇಶಕ್ಕೆ ಇದು ತಿಳಿಯದ ವಿಷಯವೇನಲ್ಲ. 2002ರ ರಾಷ್ಟ್ರೀಯ ಆರೋಗ್ಯ ನೀತಿ ತೆಗೆದು ನೋಡಿ. ಸ್ನಾತಕೋತ್ತರ ಸೀಟುಗಳಲ್ಲಿ ಕಾಲು ಭಾಗ ಸಾರ್ವಜನಿಕ ಆರೋಗ್ಯ ಮತ್ತು ಕುಟುಂಬ ವೈದ್ಯಕೀಯಕ್ಕೆ ಮೀಸಲಾಗುವ ಹಂತಕ್ಕೆ ಹೋಗಬೇಕು ಅಂತ ಅದರಲ್ಲಿದೆ. 20 ವರ್ಷಕ್ಕೂ ಮೇಲಾಯಿತು. ಆ ಕಾಲು ಭಾಗ ಎಲ್ಲಿ? ಎಂಬಿಬಿಎಸ್ ಕಲಿಸುವ ಕಾಲೇಜಿನಲ್ಲಿ ಕುಟುಂಬ ವೈದ್ಯಕೀಯದ ವಿಭಾಗ ಇರಲೇಬೇಕು ಅನ್ನುವ ಕಡ್ಡಾಯ ಕೂಡ ಇಲ್ಲ. ನೆರೆಯ ಕೇರಳದ ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜು ವರ್ಷಗಳ ಹಿಂದೆಯೇ ಈ ವಿಷಯದಲ್ಲಿ ಎಂಡಿ ಶುರು ಮಾಡಿತು. ನಮ್ಮವರು ಹೊಸ ಮೆಡಿಕಲ್ ಕಾಲೇಜಿನ ಕಟ್ಟಡಕ್ಕೆ ಅಡಿಗಲ್ಲು ಹಾಕುವುದರಲ್ಲಿ ಶೂರರು. ಕಟ್ಟಡದೊಳಗೆ ಏನು ಕಲಿಸುತ್ತಾರೆ ಅನ್ನುವುದು ಗುತ್ತಿಗೆದಾರನಿಗೆ ಸಂಬಂಧಪಟ್ಟ ವಿಷಯವಲ್ಲವಲ್ಲ!

ಈಗ ಭಾಷೆಗೆ ಬರೋಣ. ನಮ್ಮ ಪತ್ರಿಕೆ ಅದಕ್ಕೇ ಇರುವುದು.

ಕಾಯಿಲೆ ಯಾವುದೆಂದು ಅರ್ಧಕ್ಕಿಂತ ಹೆಚ್ಚು ತಿಳಿಯುವುದು ರೋಗಿಯ ಬಾಯಿಂದ ಅನ್ನುವುದು ವೈದ್ಯವಿದ್ಯೆಯ ಮೊದಲ ಪಾಠ. ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಯಲ್ಲಿ ಮಾತು ಸೋತರೆ ಯಂತ್ರ ಕೈಹಿಡಿಯುತ್ತದೆ. ಹಳ್ಳಿಯ ಕೇಂದ್ರದಲ್ಲಿ ಮಾತು ಬಿಟ್ಟರೆ ಬೇರೆ ಯಂತ್ರವಿಲ್ಲ. ಆ ಮಾತು ಯಾವುದು? ಪಠ್ಯಪುಸ್ತಕದ ಕನ್ನಡವೂ ಅಲ್ಲ. ‘ಹೊರಕಡಿಗೆ ಹೋಗಾಕತ್ತೀನಿ’ ಅಂದರೆ ಭೇದಿ. ‘ಹೊರಗಾಗೀನಿ’ ಅಂದರೆ ಮುಟ್ಟು. ಎರಡನ್ನೂ ‘ಔಟ್‌ಸೈಡ್’ ಅಂತ ತಿಳಿದುಕೊಂಡವನು ಗುಳಿಗೆ ಬರೆದರೆ ಏನಾಗಬೇಕು? ‘ಬಿಳಿ ಸೆರಗು’ ಅಂದರೆ ಸೀರೆಯಲ್ಲ. ‘ಅಮ್ಮ ಬಂದಾಳೆ’ ಅಂದರೆ ಅತ್ತೆಮನೆಗೆ ತಾಯಿ ಬಂದಿದ್ದಾಳೆ ಅಂತಲ್ಲ, ಮಗುವಿಗೆ ಸಿಡುಬಿನಂಥ ಗುಳ್ಳೆ ಎದ್ದಿದೆ ಅಂತ. ‘ಲಕ್ವ ಹೊಡದೈತಿ’, ‘ಹೊಟ್ಟಿ ತೊಳಸ್ತೈತಿ’, ‘ಎದ್ಯಾಗ ಹಿಡದಂಗಾಗೈತಿ’. ಒಂದೊಂದೂ ಒಂದು ರೋಗಲಕ್ಷಣ. ಈ ಕೊನೆಯ ಮಾತನ್ನು ಗ್ಯಾಸ್ ಅಂದುಕೊಳ್ಳುವುದಕ್ಕೂ ಹೃದಯಾಘಾತ ಅಂದುಕೊಳ್ಳುವುದಕ್ಕೂ ನಡುವೆ ಇರುವುದು ಒಂದು ಜೀವ.

‘ದುಭಾಷಿ ಇದ್ದಾರಲ್ಲ, ಆಶಾ ಕಾರ್ಯಕರ್ತೆ ಇದ್ದಾರಲ್ಲ’ ಅನ್ನುತ್ತಾರೆ ಅಧಿಕಾರಿಗಳು. ಅವರ ಉಪಕಾರ ದೊಡ್ಡದು. ಆದರೆ ಒಂದು ಹೆಣ್ಣಾಗಿ ಯೋಚಿಸಿ. ಗಂಡನಿಂದ ತಗುಲಿದ ಕಾಯಿಲೆಯನ್ನು, ಬೇಡದ ಬಸುರನ್ನು, ಸಾಯಬೇಕು ಅನ್ನಿಸಿದ್ದನ್ನು ಅದೇ ಓಣಿಯ ಆಶಾ ಅಕ್ಕನ ಮುಂದೆ, ಅದೇ ಊರಿನ ಅಟೆಂಡರನ ಮುಂದೆ ಹೇಳುವುದು ಹೇಗೆ? ಈ ತಾಲ್ಲೂಕುಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿ ನೊಂದ ತಾಯಂದಿರಿದ್ದಾರೆ. 1982ರಲ್ಲೇ ಕಾನೂನು ಬಂದು ಪದ್ಧತಿ ನಿಷೇಧವಾಯಿತು, ಆದರೆ ನೋವು ಮೈಯಿಂದ ಇಳಿದಿಲ್ಲ. ಅಂಥ ತಾಯಿ ಆಸ್ಪತ್ರೆಯ ಬಾಗಿಲಿಗೆ ಬಂದು, ಮೂರನೆಯವರು ನಿಂತಿದ್ದು ನೋಡಿ, ‘ಏನಿಲ್ಲ ಸಾಮಿ, ಸುಸ್ತು’ ಅಂತ ಹೇಳಿ ಬಿ ಕಾಂಪ್ಲೆಕ್ಸ್ ತೆಗೆದುಕೊಂಡು ವಾಪಸ್ಸು ಹೋಗುತ್ತಾಳೆ. ರಿಜಿಸ್ಟರಿನಲ್ಲಿ ಒಂದು ಸಂಖ್ಯೆ ಹೆಚ್ಚುತ್ತದೆ. ಡಾಕ್ಟರು ಏನೂ ಕಲಿಯಲಿಲ್ಲ, ಅವಳಿಗೆ ಏನೂ ಸಿಗಲಿಲ್ಲ.

ಡಿಗ್ರಿಯೇ ಇಲ್ಲದ ಇಂಜೆಕ್ಷನ್ ಡಾಕ್ಟರನ ಬಾಗಿಲಲ್ಲಿ ಜನ ಯಾಕೆ ನಿಲ್ಲುತ್ತಾರೆ ಗೊತ್ತೇ? ಅವನ ಔಷಧಿ ತಪ್ಪು, ಮಾತು ಸರಿ. ‘ಯಾಕವ್ವಾ, ನಿನ್ನೆ ರಾತ್ರಿ ನಿದ್ದಿ ಬಂತಾ?’ ಅಂತ ಕೇಳುತ್ತಾನೆ. ಸರ್ಕಾರಿ ಡಾಕ್ಟರನ ಔಷಧಿ ಸರಿ, ಮಾತೇ ಇಲ್ಲ. ಜನಕ್ಕೆ ಬುದ್ಧಿಯಿಲ್ಲ ಅಂತ ಬೈಯುವ ಮೊದಲು ಇದನ್ನು ಯೋಚಿಸಬೇಕು.

ಭಾಷೆ ಕಲಿಸುವ ಏರ್ಪಾಡು ಇಲ್ಲವೇ? ಕಾಗದದ ಮೇಲೆ ಇದೆ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಾಗ, ಮೊದಲ ತಿಂಗಳ ಬುನಾದಿ ಪಾಠಗಳಲ್ಲಿ ಸ್ಥಳೀಯ ಭಾಷೆಗೆ ಜಾಗ ಕೊಟ್ಟರು. ಎಷ್ಟು? ಭಾಷೆಗೂ ಕಂಪ್ಯೂಟರಿಗೂ ಸೇರಿ 40 ಗಂಟೆ! ಇಡೀ ತಿಂಗಳ 175 ಗಂಟೆಯಲ್ಲಿ ಆಟೋಟಕ್ಕೂ ಪಾಲಿತ್ತು, ಅದು ಇರಲಿ, ಬೇಡ ಅನ್ನುವುದಿಲ್ಲ. ಕಾಲೇಜಿಗೆ ಕಾಲಿಟ್ಟ ಮೊದಲ ತಿಂಗಳು ‘ನಿಮ್ಮ ಹೆಸರೇನು, ಊಟ ಆಯಿತಾ’ ಕಲಿತವನು ಐದೂವರೆ ವರ್ಷದ ಮೇಲೆ ಹಡಗಲಿಯ ಹಳ್ಳಿಗೆ ಬರುವ ಹೊತ್ತಿಗೆ ‘ಊಟ ಆಯಿತಾ’ ಮಾತ್ರ ಉಳಿದಿರುತ್ತದೆ. ಆಮೇಲೆ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ನೋಡುವ ಯೋಜನೆಯೂ ಬಂತು. ಒಳ್ಳೆಯ ಯೋಜನೆ, ನಾನು ಮೆಚ್ಚುತ್ತೇನೆ. ಆದರೆ ದತ್ತು ತೆಗೆದುಕೊಂಡ ಮನೆಯವರ ಮಾತೇ ತಿಳಿಯದಿದ್ದರೆ ಅದೆಂಥ ದತ್ತು?

ಈಗ ಜರ್ಮನಿಗೆ ಹೋಗೋಣ, ಯಾಕೆಂದರೆ ನಮ್ಮ ಹುಡುಗರು ಹೋಗುತ್ತಿದ್ದಾರೆ. ಪರದೇಶದ ಡಾಕ್ಟರು ಅಲ್ಲಿ ರೋಗಿಯನ್ನು ಮುಟ್ಟಬೇಕಾದರೆ ವೈದ್ಯಕೀಯ ಜರ್ಮನ್ ಪರೀಕ್ಷೆ ಪಾಸಾಗಬೇಕು. ಮೂರು ಭಾಗ, ತಲಾ 20 ನಿಮಿಷ. ರೋಗಿಯಂತೆ ನಟಿಸುವವರ ಜೊತೆ ಮಾತನಾಡಿ ಅವರ ಕಷ್ಟ ತಿಳಿಯಬೇಕು. ಅದನ್ನು ಬರೆದು ಕೊಡಬೇಕು. ಆಮೇಲೆ ಹಿರಿಯ ವೈದ್ಯನಿಗೆ ವಿವರಿಸಬೇಕು. ಕನ್ನಡದ ಮನೆಯ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಜರ್ಮನ್ ಕಲಿಯುತ್ತಾರೆ. ಇದು ಭಾಷಾಂಧತೆ ಅಂತ ಒಬ್ಬರೂ ಬರೆದದ್ದನ್ನು ನಾನು ಓದಿಲ್ಲ. ಜರ್ಮನಿಯ ಮುದುಕಿಯ ಸೊಂಟನೋವಿಗೆ ಅವಳ ಭಾಷೆ ಬೇಕು, ಕೊಟ್ಟೂರಿನ ಮುದುಕಿಯ ಸೊಂಟನೋವಿಗೆ ಬೇಡ! ಸರ್ಕಾರಿ ಕಚೇರಿಗೆ ಸೇರುವ ಗುಮಾಸ್ತನಿಗೆ ಕನ್ನಡದ ಪರೀಕ್ಷೆ ಇದೆ. ಫೈಲಿಗೆ ಕನ್ನಡ ಬೇಕು, ಜ್ವರಕ್ಕೆ ಬೇಡವೇ?

ಕನ್ನಡಕ್ಕೆ ಆ ಶಕ್ತಿಯಿಲ್ಲ ಅನ್ನುವ ಮಹಾಶಯರಿಗೆ ಎರಡೇ ಮಾತು. ಡಾ. ಅನುಪಮಾ ನಿರಂಜನ ಅವರು ‘ತಾಯಿ ಮಗು’ ಬರೆದು ಎಷ್ಟೋ ಮನೆಗಳಿಗೆ ಡಾಕ್ಟರಾದರು. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಕೋಶ ಕಟ್ಟಿದರು, ಕಲಬುರಗಿಯ ಡಾ. ಪಿ.ಎಸ್. ಶಂಕರ್, ಬೆಂಗಳೂರಿನ ಡಾ. ಸಿ.ಆರ್. ಚಂದ್ರಶೇಖರ್ ಪುಸ್ತಕದ ಮೇಲೆ ಪುಸ್ತಕ ಬರೆದರು. ಮಧ್ಯಪ್ರದೇಶದವರು 2022ರಲ್ಲಿ ಎಂಬಿಬಿಎಸ್ ಪಠ್ಯವನ್ನೇ ಹಿಂದಿಗೆ ತಂದರು. ಅದು ಎಷ್ಟು ಸರಿ, ಎಷ್ಟು ಆಡಂಬರ ಅನ್ನುವುದು ಬೇರೆ ಚರ್ಚೆ. ನಾವು ಅಷ್ಟೆಲ್ಲ ಕೇಳುತ್ತಿಲ್ಲ. ಅಂಗರಚನೆಯನ್ನು ಇಂಗ್ಲಿಷಿನಲ್ಲೇ ಓದಲಿ. ರೋಗಿಯ ಜೊತೆ ರೋಗಿಯ ಮಾತಿನಲ್ಲಿ ಮಾತಾಡಲಿ.

ಇಲ್ಲಿ ನಮ್ಮ ಕಡೆಗೂ ಒಂದು ಬೊಟ್ಟು ತೋರಿಸಬೇಕು. ಈ ತಾಲ್ಲೂಕುಗಳ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕಬ್ಬು ಕಡಿಯಲು, ಕಾಫಿ ಕೊಯ್ಯಲು ಗುಳೆ ಹೋಗಿ ಬರುವ ಆ ತಾಯಂದಿರಲ್ಲಿ ಕೆಲವರಿಗೆ ಕನ್ನಡವೂ ಎರಡನೆಯ ಭಾಷೆ. ಕನ್ನಡಕ್ಕೆ ನಾವು ಕೇಳುವ ನ್ಯಾಯವನ್ನು ಅವರ ಮಾತಿಗೆ ಕೊಡದಿದ್ದರೆ ನಮಗೂ ಇಂಗ್ಲಿಷಿನ ದೊರೆಗಳಿಗೂ ಏನು ವ್ಯತ್ಯಾಸ? ಹರಪನಹಳ್ಳಿಯ ತಾಂಡಾದ ಕೇಂದ್ರಕ್ಕೆ ಹೋಗುವ ಡಾಕ್ಟರು ಕನ್ನಡದ ಜೊತೆ ನಾಲ್ಕು ಲಂಬಾಣಿ ಮಾತನ್ನೂ ಕಲಿಯಲಿ. ಕೆಲವು ಸಂಘಟನೆಯ ಗೆಳೆಯರಿಗೆ ಇದು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಪತ್ರ ಬರೆಯಿರಿ, ವಾದ ಮಾಡೋಣ.

ಈ ಸೀಮೆ ಕನ್ನಡಕ್ಕೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ ಅನ್ನುವುದನ್ನು ಬೆಂಗಳೂರಿನ ಹುಡುಗರಿಗೆ ನೆನಪಿಸಬೇಕು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆ ಹೋರಾಟದಲ್ಲಿ ಬಳ್ಳಾರಿಯ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಆಮೇಲೆ ನಾವೇನು ಮಾಡಿದೆವು? ಹರಪನಹಳ್ಳಿಯನ್ನು ಚೆಂಡಿನಂತೆ ಎಸೆದಾಡಿದೆವು. 1997ರಲ್ಲಿ ದಾವಣಗೆರೆಗೆ ಹಾಕಿದರು. ಹೈದರಾಬಾದ್ ಕರ್ನಾಟಕಕ್ಕೆ 371ಜೆ ಬಂದಾಗ ಪಕ್ಕದ ಹಡಗಲಿಗೆ ಸಿಕ್ಕ ಸೌಲಭ್ಯ ಹರಪನಹಳ್ಳಿಗೆ ಇಲ್ಲವಾಯಿತು. ಜನ ಬೀದಿಗಿಳಿದು ಕೂಗಿದ ಮೇಲೆ ಮತ್ತೆ ಬಳ್ಳಾರಿಗೆ ಸೇರಿಸಿದರು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆಯಾದವು. ಜಿಲ್ಲೆಯ ಹೆಸರು ಬದಲಾಯಿತು, ಬೋರ್ಡು ಬದಲಾಯಿತು. ಕಾಯಿಲೆ ಬಿದ್ದವನ ದಾರಿ ಬದಲಾಗಲಿಲ್ಲ. ಹರಪನಹಳ್ಳಿಯವನು ಇವತ್ತಿಗೂ ದಾವಣಗೆರೆಯ ಬಸ್ಸನ್ನೇ ಕಾಯುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂದಹಾಗಾಯಿತು. ಹಡಗಲಿಯ ಮಲ್ಲಿಗೆಗೆ ಹೆಸರಿದೆ, ಹಿಟ್ಟಿನ ಮಾತು ಯಾರೂ ಆಡುವುದಿಲ್ಲ.

371ಜೆಯಿಂದ ಈ ಭಾಗದ ಕಾಲೇಜುಗಳಲ್ಲಿ ಶೇಕಡ 70ರಷ್ಟು ಸೀಟು ಈ ಭಾಗದ ಮಕ್ಕಳಿಗೆ ಸಿಗಬೇಕು. ಸಿಗುತ್ತಿದೆ, ಸಂತೋಷ. ಉಜ್ಜಿನಿಯ ಹುಡುಗಿ, ಮೈಲಾರದ ಹುಡುಗ ಬಳ್ಳಾರಿಯಲ್ಲಿ ಡಾಕ್ಟರಾಗುವ ಕಾಲ ಬಂದಿದೆ. ಅವರಿಗೆ ‘ಗೊಬ್ಬರ’ ಅಂದರೆ ತಿಳಿಯುತ್ತದೆ. ಆದರೆ ತಮ್ಮ ಊರಿಗೆ ವಾಪಸ್ಸು ಬಂದು ಮನೆ ಡಾಕ್ಟರಾಗಬೇಕು ಅಂದರೆ ಅವರಿಗೂ ಮುಂದಿನ ಓದು ಬೇಕಲ್ಲ? ಬರೀ ಎಂಬಿಬಿಎಸ್ ಅಂದರೆ ಮದುವೆ ಮಾರುಕಟ್ಟೆಯಲ್ಲೂ ಬೆಲೆಯಿಲ್ಲದ ಕಾಲ ಇದು.

ಇದಕ್ಕೆ ದಾರಿ ಇದೆ, ಕೋಟಿಗಟ್ಟಲೆ ಹಣವೂ ಬೇಡ. ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಶುರು ಮಾಡಿತು. ಅದರಲ್ಲಿ ಕುಟುಂಬ ವೈದ್ಯಕೀಯವೂ ಒಂದು. ಮೆಡಿಕಲ್ ಕಾಲೇಜೇ ಬೇಕಿಲ್ಲ, 100 ಹಾಸಿಗೆಯ ಆಸ್ಪತ್ರೆ ಇದ್ದು ಕಲಿಸುವವರಿದ್ದರೆ ಸಾಕು. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆ ಅಂದರೆ ಸಾಮಾನ್ಯವಾಗಿ 100 ಹಾಸಿಗೆಯದು. ಈ ತಾಲ್ಲೂಕುಗಳಲ್ಲಿ ಮೊದಲು ಒಂದೇ ಒಂದು ಆಸ್ಪತ್ರೆಯನ್ನು ಆರಿಸಿಕೊಂಡು ಕುಟುಂಬ ವೈದ್ಯರ ತರಬೇತಿ ಶುರು ಮಾಡಲಿ. ಕೊರತೆಯಾದ ತಜ್ಞರನ್ನು ತುಂಬಲಿ. ಅದು ಆಗದಿದ್ದರೆ ಎಲ್ಲವೂ ಸುಳ್ಳು. ಕಡ್ಡಾಯ ಸೇವೆಯ ಹುಡುಗರು ವಾರದಲ್ಲಿ ಒಂದು ಮಧ್ಯಾಹ್ನ ಅಲ್ಲಿಗೆ ಬಂದು ತಮ್ಮ ಕೇಸುಗಳನ್ನು ಹಿರಿಯರ ಮುಂದಿಟ್ಟು ಚರ್ಚಿಸಲಿ. ರಾತ್ರಿ ಫೋನು ಮಾಡಿದರೆ ಎತ್ತುವ ಒಬ್ಬ ಹಿರಿಯನ ಹೆಸರು ಪ್ರತಿಯೊಬ್ಬನ ಕೈಯಲ್ಲಿರಲಿ. ಇಷ್ಟು ದಿನ ಇದಕ್ಕೆ ಅಡ್ಡಿಯಾದದ್ದು ಹಣವಲ್ಲ, ಯಾರೂ ಕೇಳಲಿಲ್ಲ ಅಷ್ಟೇ.

ಸೇವೆಗೆ ಬರುವ ಮೊದಲು ಮಾತಿನ ಪರೀಕ್ಷೆ ಇರಲಿ. ವ್ಯಾಕರಣದ್ದಲ್ಲ, ಹಳಗನ್ನಡದ್ದಂತೂ ಅಲ್ಲವೇ ಅಲ್ಲ. ಜರ್ಮನಿಯವರ ಹಾಗೆ 20 ನಿಮಿಷ ಒಬ್ಬ ಅಜ್ಜಿಯ ಮುಂದೆ ಕೂರಿಸಲಿ. ಅವಳಿಗೆ ಏನಾಗಿದೆ, ಯಾವ ಗುಳಿಗೆ ಯಾವ ಹೊತ್ತಿಗೆ ಅನ್ನುವುದನ್ನು ಅವಳಿಗೆ ತಿಳಿಯುವಂತೆ ಹೇಳಿದರೆ ಪಾಸು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ಜನಪದ ಹಾಡು, ಗಾದೆ ಕೂಡಿಸಿದವರು ಜನರ ಕಾಯಿಲೆಯ ಮಾತುಗಳನ್ನೂ ಕೂಡಿಸಿ ಒಂದು ಕೈಪಿಡಿ ಮಾಡಿಕೊಡಬಾರದೇ? ವರ್ಷದ ಕೊನೆಗೆ ಇಬ್ಬರನ್ನೂ ಕೇಳಲಿ. ಡಾಕ್ಟರನ್ನು: ಕಲಿತೆಯಾ? ಊರವರನ್ನು: ನಿಮ್ಮ ಮಾತು ಅವರಿಗೆ ತಿಳಿಯಿತಾ? ಎರಡೂ ಉತ್ತರವನ್ನು ತಾಲ್ಲೂಕಿನ ಹೆಸರು ಹಾಕಿ ಪ್ರಕಟಿಸಲಿ.

ಬೋರ್ಡಿಗೆ ಮಸಿ ಬಳಿಯುವುದು ಗೊತ್ತಿರುವ ನಾವು ಇದನ್ನು ಯಾಕೆ ಕೇಳಲಿಲ್ಲ? ನಾನೂ ಬಳಿದವನೇ, ಅದಕ್ಕೇ ಕೇಳುತ್ತಿದ್ದೇನೆ. ಬ್ರಿಗೇಡ್ ರಸ್ತೆಯ ಬೋರ್ಡು ಕಣ್ಣಿಗೆ ಕಾಣುತ್ತದೆ, ಫೋಟೋ ಬರುತ್ತದೆ. ಕೂಡ್ಲಿಗಿಯ ಹಳ್ಳಿಯಲ್ಲಿ ಮಾತು ತಿಳಿಯದೆ ವಾಪಸ್ಸು ಹೋದ ಹೆಂಗಸಿನ ಫೋಟೋ ಯಾರು ತೆಗೆಯುತ್ತಾರೆ?

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಅದೇ ಕೇಂದ್ರದಲ್ಲಿ ಆ ಹುಡುಗನಿಗಿಂತ ಹಿಂದೆ ಒಬ್ಬ ಡಾಕ್ಟರಮ್ಮ ಇದ್ದರಂತೆ, ಅವರೂ ಹೊರಗಿನವರೇ. ಬಂದ ದಿನದಿಂದ ಒಂದು ನೋಟುಬುಕ್ಕು ಇಟ್ಟಿದ್ದರು. ರೋಗಿಗಳು ಆಡಿದ ಮಾತನ್ನು ತಮ್ಮ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಸಿಸ್ಟರಮ್ಮನಿಂದ ಅರ್ಥ ಬರೆಸಿಕೊಂಡಿದ್ದರು. ವರ್ಷ ಮುಗಿಯುವ ಹೊತ್ತಿಗೆ ಅಜ್ಜಿಯರ ಜೊತೆ ಹರಟೆ ಹೊಡೆಯುವಷ್ಟು ಕಲಿತಿದ್ದರಂತೆ. ಹೋಗುವಾಗ ನೋಟುಬುಕ್ಕನ್ನು ಮುಂದಿನವರಿಗೆ ಕೊಡೋಣವೆಂದರೆ ಮುಂದಿನವರು ಇನ್ನೂ ಬಂದಿರಲಿಲ್ಲ. ಔಷಧಿ ಕೊಡುವವರ ಡ್ರಾಯರಿನಲ್ಲಿ ಇಟ್ಟು ಹೋದರು. ಹೊಸ ಹುಡುಗನಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಅವತ್ತು ನಾವು ಹುಡುಕಿ ತೆಗೆಸಿದೆವು. ಅವನು ಆ ಲಿಪಿ ಓದಲಾರ. ಸಿಸ್ಟರಮ್ಮ ಬರೆದ ಅರ್ಥ ಓದಿಕೊಂಡು ಇಡೀ ಸಂಜೆ ಕೂತಿದ್ದ.

ನಾನು ಅದರ ಜೆರಾಕ್ಸ್ ತಂದಿದ್ದೇನೆ. ಅದನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚು ಮಾಡಿ ಐದೂ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನಾವೇ ಹಂಚಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಆ ಸೀಮೆಯ ಹುಡುಗ ಹುಡುಗಿಯರು ಊರಿಗೆ ಫೋನು ಮಾಡಿ ಅಜ್ಜಿಯನ್ನು ಕೇಳಿ. ಯಾವ ನೋವಿಗೆ ಏನಂತಾರೆ, ಯಾವ ಜ್ವರಕ್ಕೆ ಏನು ಹೆಸರು ಅಂತ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಊರು, ತಾಲ್ಲೂಕು ತಪ್ಪದೆ ಬರೆಯಿರಿ, ಏಕೆಂದರೆ ಹಡಗಲಿಯ ಮಾತು ಕೂಡ್ಲಿಗಿಗೆ ಬಂದರೆ ಅರ್ಥ ಬದಲಾಗಬಹುದು. ಲಂಬಾಣಿ ಬಲ್ಲವರು ಅದನ್ನೂ ಕಳಿಸಿ. ‘ಗೊಬ್ಬರ’ ಕಳಿಸಬೇಡಿ, ಅದು ಆಗಲೇ ಬಂದಿದೆ.